ಸಂಕಟಕಾಲದಲ್ಲಿ ದೇವರ ವಾಕ್ಯದ ಆದರಣೆ

ಮಳೆ ತಪ್ಪಿದ ವರುಷದಲ್ಲಿ, ಸಾಲ ಕೊಟ್ಟವನು ಬಾಗಲಿಗೆ ಬಂದು ಕೂತ ದಿವಸದಲ್ಲಿ, ಮಗುವು ಜ್ವರದಿಂದ ಬಳಲುವ ರಾತ್ರಿಯಲ್ಲಿ, ಕ್ರಿಸ್ತನ ನಾಮದ ನಿಮಿತ್ತ ಸ್ವಂತ ನಂಟರೇ ಮದುವೆಗೆ ಕರೆಯದೆ ಹೋದ ಹೊತ್ತಿನಲ್ಲಿ ನಾವು ಸತ್ಯವೇದವನ್ನು ತೆರೆಯುತ್ತೇವೆ. ತೆರೆಯುವದು ಒಳ್ಳೇದೇ. ಆದರೆ ಪ್ರಿಯ ವಾಚಕರೇ, ಆಗ ನಾವು ಅದರಲ್ಲಿ ಹುಡುಕುವದೇನು? ಸಂಕಟವು ಬೇಗನೆ ತೀರುವದೆಂಬ ಒಂದು ಮಾತನ್ನೋ? ಇಲ್ಲವೆ ಸಂಕಟವು ತೀರದಿದ್ದರೂ ನಂಬಿಗಸ್ತರಾಗಿ ನಿಲ್ಲುವದಕ್ಕೆ ಬೇಕಾದ ಬಲವನ್ನೋ? ಮೊದಲು ಕೇಳುವಾಗ ಇವೆರಡೂ ಒಂದೇ ಎಂದು ತೋರುವದು. ಒಂದೇ ಅಲ್ಲವೆಂದು ಶಾಸ್ತ್ರವು ತಾನೇ ನಮಗೆ ಕಲಿಸುತ್ತದೆ. ಇದನ್ನೇ ಈ ತಿಂಗಳಲ್ಲಿ ನಿಮ್ಮ ಸಂಗಡ ಆಲೋಚಿಸಬೇಕೆಂದಿದ್ದೇವೆ.

ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ, ಪೂರ್ವದ ಶಾಸ್ತ್ರಗಳು ನಮ್ಮ ಉಪದೇಶಕ್ಕಾಗಿಯೇ ಬರೆಯಲ್ಪಟ್ಟವೆಂದೂ ತಾಳ್ಮೆಯಿಂದಲೂ ಶಾಸ್ತ್ರದ ಆದರಣೆಯಿಂದಲೂ ನಾವು ನಿರೀಕ್ಷೆಯುಳ್ಳವರಾಗಬೇಕೆಂದೂ ತಿಳಿಸುತ್ತಾನೆ. ಅವನು ತಾಳ್ಮೆಯನ್ನು ಮುಂದಿಟ್ಟು ಆದರಣೆಯನ್ನು ಅದರ ಬಳಿಯಲ್ಲೇ ನಿಲ್ಲಿಸಿದ್ದನ್ನು ಗಮನಿಸಿರಿ. ತಾಳ್ಮೆಯಿಲ್ಲದವನಿಗೂ ಆದರಣೆ ಬೇಕು, ನಿಜ. ಆದರೆ ಅವನು ಕೈಗೆ ಸಿಕ್ಕಿದ ಯಾವ ಮಾತನ್ನಾದರೂ ಆದರಣೆಯೆಂದು ಹಿಡಿದುಕೊಂಡು ಮೋಸಹೋಗುವನು.

ಇದನ್ನು ಇತರರಿಗೆ ಹೇಳುವದಕ್ಕೆ ಮುಂಚೆ ನಮ್ಮ ಸ್ವಂತ ತಪ್ಪನ್ನು ಒಪ್ಪಿಕೊಳ್ಳುವದು ನ್ಯಾಯ. ಕೆಲವು ವರುಷಗಳ ಕೆಳಗೆ ಒಂದು ಹಳ್ಳಿಯಲ್ಲಿ ಬೆಳೆ ಕೆಟ್ಟು, ಉಳುವ ಜೋಡಿಯಲ್ಲಿ ಒಂದು ಎತ್ತು ಸತ್ತು, ದುಃಖದಲ್ಲಿದ್ದ ಮನೆಗೆ ನಾವು ಹೋಗಿದ್ದೆವು. ಅವರ ಮುಖವನ್ನು ನೋಡಿ ತಾಳಲಾರದೆ, ಒಂದು ಕೀರ್ತನೆಯನ್ನು ಓದಿ, ಬರುವ ವರುಷದಲ್ಲಿ ದೇವರು ಎಲ್ಲವನ್ನೂ ಸರಿಮಾಡುವನು, ಸಂಶಯಪಡಬೇಡಿರಿ ಎಂದು ಹೇಳಿ ಬಂದೆವು. ಬರುವ ವರುಷವೂ ಮಳೆಯಾಗಲಿಲ್ಲ. ಮತ್ತೆ ಹೋದಾಗ ಆ ಮನೆಯ ಮುದುಕಿಯು ಚಾಪೆ ಹಾಸಿ, ಕುಡಿಯಲಿಕ್ಕೆ ನೀರು ಕೊಟ್ಟು, ಮೆಲ್ಲನೆ ಕೇಳಿದ್ದೇನಂದರೆ: “ಅಯ್ಯನವರೇ, ಹೋದ ವರುಷ ನೀವು ಹೇಳಿದ ಮಾತು ದೇವರದೋ, ನಿಮ್ಮದೋ? ದೇವರದಾದರೆ ಅದು ಯಾಕೆ ನಡೆಯಲಿಲ್ಲ? ನಿಮ್ಮದಾದರೆ ಆತನ ಹೆಸರನ್ನು ಯಾಕೆ ತಂದಿರಿ?” ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆಯ ನಂಬಿಕೆಯನ್ನು ಬರಗಾಲವು ಅಲ್ಲಾಡಿಸಿದ್ದಕ್ಕಿಂತ ನಮ್ಮ ಸಿಹಿಮಾತೇ ಹೆಚ್ಚಾಗಿ ಅಲ್ಲಾಡಿಸಿತ್ತು. ಆ ರಾತ್ರಿ ನಾವು ಮನೆಗೆ ಬಂದು ಪ್ರವಾದಿಯಾದ ಯೆರೆಮೀಯನ ಗ್ರಂಥವನ್ನು ತೆರೆದೆವು. ಅದರ 28ನೆಯ ಅಧ್ಯಾಯದಲ್ಲಿ ನಮ್ಮ ಮುಖವನ್ನೇ ಕಂಡೆವು.

ಆ ಕಾಲದ ಸಂಗತಿಯೇನಂದರೆ, ಕ್ರಿ. ಪೂ. 597ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಹಿಡಿದು, ಯೆಹೂದದ ಅರಸನನ್ನೂ ಪ್ರಧಾನರನ್ನೂ ಕಮ್ಮಾರರು ಮೊದಲಾದ ಕೆಲಸಗಾರರನ್ನೂ ಸೆರೆಯಾಗಿ ಒಯ್ದಿದ್ದನು. ದೇವಾಲಯದ ಪಾತ್ರೆಗಳೂ ಹೋಗಿದ್ದವು. ಉಳಿದವರು ಬಾಬೆಲಿಗೆ ಅಧೀನರಾಗಿರಬೇಕೆಂಬದಕ್ಕೆ ಗುರುತಾಗಿ ಯೆರೆಮೀಯನು ದೇವರ ಅಪ್ಪಣೆಯಂತೆ ಮರದ ನೊಗವನ್ನು ತನ್ನ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನು. ನೊಗವೆಂದರೇನೆಂದು ಒಕ್ಕಲಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗ ಗಿಬ್ಯೋನಿನವನಾದ ಹನನ್ಯನೆಂಬ ಪ್ರವಾದಿಯು ದೇವಾಲಯದಲ್ಲಿ ಯಾಜಕರ ಮತ್ತು ಎಲ್ಲಾ ಜನರ ಎದುರಿಗೆ ನಿಂತು, ಎರಡೇ ವರುಷಗಳೊಳಗೆ ಪಾತ್ರೆಗಳೂ ಸೆರೆಹೋದವರೂ ತಿರಿಗಿ ಬರುವರೆಂದು ದೇವರ ಹೆಸರಿನಲ್ಲಿ ಸಾರಿದನು. ಅಷ್ಟಕ್ಕೇ ಬಿಡದೆ, ಯೆರೆಮೀಯನ ಹೆಗಲಿನಿಂದ ನೊಗವನ್ನು ಎಳೆದು ಮುರಿದುಹಾಕಿದನು. ನೋಡುವ ಕಣ್ಣಿಗೆ ಎಷ್ಟು ಧೈರ್ಯದ ನಂಬಿಕೆ! ಕೇಳುವ ಕಿವಿಗೆ ಎಷ್ಟು ಇಂಪಾದ ಆದರಣೆ!

ಯೆರೆಮೀಯನು ಏನು ಮಾಡಿದನು? ಮೊದಲು ಆಮೆನ್ ಅಂದನು. ಕರ್ತನು ಹಾಗೆಯೇ ಮಾಡಲಿ ಎಂದು ಅವನೂ ಮನಃಪೂರ್ವಕವಾಗಿ ಬಯಸಿದನು. ಸತ್ಯವನ್ನು ಹೇಳುವವನು ಕಲ್ಲೆದೆಯವನಲ್ಲ. ಜನರ ದುಃಖವು ಬೇಗನೆ ತೀರಬೇಕೆಂಬ ಆಶೆಯು ಅವನಲ್ಲಿ ಇತರರಿಗಿಂತ ಹೆಚ್ಚಾಗಿತ್ತು. ಆದರೆ ಆಶೆಯು ಬೇರೆ, ದೇವರ ಮಾತು ಬೇರೆ ಎಂಬದನ್ನು ಅವನು ಮರೆಯಲಿಲ್ಲ. ನೊಗ ಮುರಿದ ಮೇಲೆ ಜಗಳವಾಡದೆ ಸುಮ್ಮನೆ ತನ್ನ ದಾರಿ ಹಿಡಿದು ಹೋದನು. ಅನಂತರ ದೇವರ ವಾಕ್ಯವು ಅವನಿಗೆ ಬಂದಿತು: ಹನನ್ಯನು ಮರದ ನೊಗವನ್ನು ಮುರಿದು ಅದಕ್ಕೆ ಬದಲಾಗಿ ಕಬ್ಬಿಣದ ನೊಗವನ್ನು ಸಿದ್ಧಮಾಡಿದ್ದಾನೆಂಬದೇ ಅದರ ತಾತ್ಪರ್ಯ. ಈ ಮಾತಿನ ಭಾರವನ್ನು ತೂಗಿ ನೋಡಿರಿ. ಸುಳ್ಳಾದ ಆದರಣೆಯು ಸಂಕಟವನ್ನು ಕಡಿಮೆ ಮಾಡುವದಿಲ್ಲ. ಸಂಕಟದ ಮೇಲೆ ನಿರಾಶೆಯನ್ನು ಹೇರುವದು. ಹೊರೆಯನ್ನು ಹೊರಲಿಕ್ಕೆ ಸಿದ್ಧವಾಗಿದ್ದ ಹೆಗಲನ್ನು ಅದು ಸಡಿಲಮಾಡಿ, ಹೊರೆಯನ್ನು ಮಾತ್ರ ಹಾಗೆಯೇ ಬಿಡುವದು.

ಅದೇ ಗ್ರಂಥದ 29ನೆಯ ಅಧ್ಯಾಯದಲ್ಲಿ, ಬಾಬೆಲಿನಲ್ಲಿದ್ದ ಸೆರೆಯವರಿಗೆ ಯೆರೆಮೀಯನು ಕಳುಹಿಸಿದ ಪತ್ರಿಕೆ ಇದೆ. ಹನನ್ಯನು ಎರಡು ವರುಷ ಎಂದಿದ್ದನು. ಈ ಪತ್ರಿಕೆಯು 70 ವರುಷ ಎನ್ನುತ್ತದೆ. ಆ ತನಕ ಮಾಡತಕ್ಕದ್ದೇನು? ಮನೆಗಳನ್ನು ಕಟ್ಟಬೇಕು, ಅವುಗಳಲ್ಲಿ ವಾಸಿಸಬೇಕು. ತೋಟಗಳನ್ನು ಮಾಡಿ ಅವುಗಳ ಫಲವನ್ನು ಉಣ್ಣಬೇಕು. ಮಕ್ಕಳಿಗೆ ಮದುವೆ ಮಾಡಬೇಕು. ತಮ್ಮನ್ನು ಸೆರೆಯಲ್ಲಿಟ್ಟ ಆ ಪಟ್ಟಣದ ಕ್ಷೇಮಕ್ಕಾಗಿಯೂ ದೇವರನ್ನು ಬೇಡಿಕೊಳ್ಳಬೇಕು. ನಮ್ಮನ್ನು ನೋಯಿಸುವ ಊರಿಗಾಗಿ ಪ್ರಾರ್ಥಿಸುವದು ಸುಲಭವಲ್ಲ. ಆದರೂ ಪತ್ರಿಕೆಯಲ್ಲಿ ಅದು ಬಿಟ್ಟುಹೋಗಿಲ್ಲ. ಕಡೆಯಲ್ಲಿ ದೇವರು ತನ್ನ ಜನರ ವಿಷಯದಲ್ಲಿ ಕೇಡನ್ನಲ್ಲ, ಹಿತವನ್ನೇ ಯೋಚಿಸುತ್ತಾನೆಂಬ ವಾಗ್ದಾನವಿದೆ. ನಾವು ಈ ಕಡೇ ಮಾತನ್ನು ಮಾತ್ರ ಹೂವಿನಂತೆ ಕಿತ್ತು ಗೋಡೆಗೆ ತೂಗಹಾಕುತ್ತೇವೆ. ಆದರೆ ಅದು 70 ವರುಷಗಳೆಂಬ ಗಿಡದಲ್ಲಿ ಬಿಟ್ಟ ಹೂವು. ಬೇರಿನಿಂದ ಬೇರೆ ಮಾಡಿದರೆ ಬಾಡುವದು.

ಇಲ್ಲಿ ಒಬ್ಬನು ಹೀಗೆ ಕೇಳಬಹುದು: “70 ವರುಷವೆಂಬದು ಎಂಥ ಆದರಣೆ? ಪತ್ರಿಕೆ ಓದಿಸಿಕೊಂಡ ದಿನ 40 ವರುಷದವನಾಗಿದ್ದವನು ಬಿಡುಗಡೆಯನ್ನು ಕಾಣುವನೋ? ತಾನು ಉಣ್ಣದ ಫಲಕ್ಕಾಗಿ ನಂಬಿಗಸ್ತನಾಗಿರುವದರಿಂದ ಅವನಿಗೇನು ಲಾಭ?” ಪ್ರಶ್ನೆಯು ನ್ಯಾಯವಾದದ್ದೇ. ಇದಕ್ಕೆ ಉತ್ತರವನ್ನು ಯೆರೆಮೀಯನು ಮಾತಿನಿಂದಲ್ಲ, ಹಣ ಕೊಟ್ಟು ತೋರಿಸಿದನು. 32ನೆಯ ಅಧ್ಯಾಯವನ್ನು ಓದಿರಿ. ಬಾಬೆಲಿನ ದಂಡು ಯೆರೂಸಲೇಮನ್ನು ಮುತ್ತಿಗೆ ಹಾಕಿತ್ತು. ಪ್ರವಾದಿಯು ಕಾವಲಿನವರ ಅಂಗಳದಲ್ಲಿ ಸೆರೆಯಾಗಿದ್ದನು. ಆಗ ಅವನ ಚಿಕ್ಕಪ್ಪನ ಮಗನಾದ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೊಳ್ಳೆಂದು ಕೇಳಿದನು. ಶತ್ರುವಿನ ದಂಡು ದೇಶವನ್ನು ತುಳಿಯುತ್ತಿರುವಾಗ ಹೊಲ ಕೊಳ್ಳುವವರುಂಟೇ? ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟನು. ಕ್ರಯಪತ್ರವನ್ನು ಬರೆದು, ಸಾಕ್ಷಿಗಳನ್ನು ಹಾಕಿಸಿ, ಮುದ್ರೆಹಾಕಿ, ಬಹು ದಿನ ಕೆಡದೆ ಇರುವಂತೆ ಮಣ್ಣಿನ ಗಡಿಗೆಯಲ್ಲಿಡಲು ಬಾರೂಕನಿಗೆ ಒಪ್ಪಿಸಿದನು. ಆ ದೇಶದಲ್ಲಿ ಮನೆಗಳೂ ಹೊಲಗಳೂ ದ್ರಾಕ್ಷೇತೋಟಗಳೂ ಮತ್ತೆ ಕೊಳ್ಳಲ್ಪಡುವವೆಂಬದಕ್ಕೆ ಇದು ಗುರುತಾಗಿತ್ತು.

ಇದನ್ನು ಅವನು ಏನೂ ತಿಳಿಯದ ಭ್ರಮೆಯಿಂದ ಮಾಡಲಿಲ್ಲ. ಹಣ ಕೊಟ್ಟಾದ ಮೇಲೆ ಅವನು ಪ್ರಾರ್ಥಿಸಿ, ಪಟ್ಟಣವು ವೈರಿಯ ಕೈಗೆ ಹೋಗುತ್ತಿರುವಾಗ ನೀನು ನನಗೆ ಹೊಲ ಕೊಳ್ಳಲು ಹೇಳಿದಿಯಲ್ಲಾ ಎಂದು ತನ್ನ ಗಲಿಬಿಲಿಯನ್ನು ದೇವರ ಮುಂದೆಯೇ ಇಟ್ಟನು. ಮೊದಲು ವಿಧೇಯತೆ, ಆಮೇಲೆ ಪ್ರಶ್ನೆ. ಕ್ರಿ. ಪೂ. 586ರ ಸುಮಾರಿಗೆ ಪಟ್ಟಣವು ಬಿದ್ದಿತು, ದೇವಾಲಯವು ಸುಟ್ಟುಹೋಯಿತು. ಯೆರೆಮೀಯನನ್ನು ಜನರು ತಮ್ಮ ಸಂಗಡ ಐಗುಪ್ತಕ್ಕೆ ಒಯ್ದರು. ಅವನು ಆ ಹೊಲದಲ್ಲಿ ಒಂದು ದಿನವಾದರೂ ನೇಗಿಲು ಹೂಡಿದನೆಂದು ಶಾಸ್ತ್ರವು ಹೇಳುವದಿಲ್ಲ. ಆದರೆ ಕ್ರಿ. ಪೂ. 538ರ ಸುಮಾರಿಗೆ ಪಾರಸಿಯ ಅರಸನಾದ ಕೋರೆಷನು ಯೆಹೂದ್ಯರಿಗೆ ಹಿಂದಿರುಗಲು ಅಪ್ಪಣೆ ಕೊಟ್ಟನು. ಎಜ್ರನ ಗ್ರಂಥದ ಪಟ್ಟಿಯಲ್ಲಿ, ತಿರಿಗಿ ಬಂದವರೊಳಗೆ ಅನಾತೋತಿನವರು 128 ಮಂದಿಯೆಂದು ಎಣಿಸಲ್ಪಟ್ಟಿದೆ. ನಮ್ಮ ಊರ ಹೊರಗಿನ ಹುಣಿಸೇಮರದ ನೆರಳಲ್ಲಿ ಕೂತುಕೊಳ್ಳುವ ನಾವು ಅದನ್ನು ನೆಟ್ಟವನ ಹೆಸರನ್ನು ಸಹ ಅರಿಯೆವು. ಅವನ ಕೆಲಸ ವ್ಯರ್ಥವಾಯಿತೆಂದು ಹೇಳುವವರು ಯಾರು?

ಈ ಪ್ರವಾದಿಯ ಮಾತುಗಳಿಂದ ಮೊದಲು ಆದರಣೆ ಹೊಂದಿದವರಲ್ಲಿ ದಾನಿಯೇಲನು ಒಬ್ಬನು. ಅವನು ಪರದೇಶದಲ್ಲಿ ಮುದುಕನಾಗಿ, ಯೆರೆಮೀಯನ ಬರಹದಲ್ಲಿ 70 ವರುಷದ ಸಂಗತಿಯನ್ನು ಓದಿ ತಿಳುಕೊಂಡನೆಂದು ಅವನ ಗ್ರಂಥದ 9ನೆಯ ಅಧ್ಯಾಯದಲ್ಲಿದೆ. ಓದಿ ಸುಮ್ಮನೆ ದಿನಗಳನ್ನು ಎಣಿಸುತ್ತಾ ಕೂತನೋ? ಇಲ್ಲ. ಗೋಣಿತಟ್ಟು ಉಟ್ಟು, ಬೂದಿಯಲ್ಲಿ ಕೂತು, ತನ್ನ ಪಾಪವನ್ನೂ ತನ್ನ ಜನರ ಪಾಪವನ್ನೂ ಅರಿಕೆಮಾಡಿದನು. ನಿಜವಾದ ಆದರಣೆಯ ಗುರುತು ಇದೇ: ಅದು ಮನುಷ್ಯನನ್ನು ಮಲಗಿಸುವದಿಲ್ಲ, ಎಬ್ಬಿಸುವದು.

ಇದು ಪೂರ್ವಕಾಲದ ಮಾತು ಮಾತ್ರವಲ್ಲ. ಆಫ್ರಿಕಾಖಂಡದ ಪೂರ್ವಕ್ಕೆ ಸಮುದ್ರದಲ್ಲಿರುವ ಮದಗಾಸ್ಕರ ದ್ವೀಪಕ್ಕೆ 1818ರಲ್ಲಿ ಲಂಡನ್ ಮಿಷನಿನ ಬೋಧಕರು ಹೋದರು. ಇದೇ ಮಿಷನಿನವರಾದ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವದರಲ್ಲಿ ಪ್ರಯಾಸಪಟ್ಟದ್ದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮದಗಾಸ್ಕರದಲ್ಲಿ 1835ರಲ್ಲಿ ಆ ದೇಶದ ಭಾಷೆಯ ಸತ್ಯವೇದವು ಪೂರ್ಣವಾಗಿ ಅಚ್ಚಾಯಿತು. ಅದೇ ವರುಷ ರಾಣಿಯಾದ ರಾನವಲೋನಳು ತನ್ನ ಪ್ರಜೆಗಳು ಕ್ರೈಸ್ತಮತವನ್ನು ಅನುಸರಿಸಬಾರದೆಂದು ಆಜ್ಞೆ ಕೊಟ್ಟಳು. 1836ರಲ್ಲಿ ಬೋಧಕರೆಲ್ಲರೂ ದೇಶವನ್ನು ಬಿಡಬೇಕಾಯಿತು. ಹೊಸ ವಿಶ್ವಾಸಿಗಳಿಗೆ ಉಳಿದದ್ದು ಪುಸ್ತಕವೊಂದೇ. ಅದನ್ನು ನೆಲದಲ್ಲಿ ಹೂತು ಕಾಪಾಡಿದರು; ರಾತ್ರಿಯಲ್ಲಿ ಗುಪ್ತವಾಗಿ ಕೂಡಿ ಓದಿದರು. 1837ರಲ್ಲಿ ರಸಲಾಮಾ ಎಂಬ ಸ್ತ್ರೀಯು ಕೊಲ್ಲುವ ಸ್ಥಳಕ್ಕೆ ಕೀರ್ತನೆ ಹಾಡುತ್ತಾ ಹೋಗಿ, ಮೊಣಕಾಲೂರಿ ಪ್ರಾರ್ಥಿಸುತ್ತಿರುವಾಗ ಈಟಿಯಿಂದ ತಿವಿಯಲ್ಪಟ್ಟಳು. 1849ರಲ್ಲಿ ಕೆಲವರು ಸುಡಲ್ಪಟ್ಟರು, ಕೆಲವರು ಬಂಡೆಯ ಮೇಲಿಂದ ನೂಕಲ್ಪಟ್ಟರು. 1861ರಲ್ಲಿ ರಾಣಿಯು ತೀರಿಹೋಗಿ, ಮರುವರುಷ ಬೋಧಕರು ತಿರಿಗಿ ಬಂದಾಗ, ತಾವು ಬಿಟ್ಟುಹೋದದ್ದಕ್ಕಿಂತ ಎಷ್ಟೋ ದೊಡ್ಡದಾದ ಸಭೆಯನ್ನು ಕಂಡರು. ಬೋಧಕರಿಲ್ಲದೆ ವಾಕ್ಯವು ಬೆಳೆದಿತ್ತು. ರಸಲಾಮಾ ಇದನ್ನು ಕಾಣಲಿಲ್ಲ. ಆಕೆಗೆ ಯಾರೂ ಎರಡು ವರುಷದ ಮಾತು ಕೊಟ್ಟಿರಲಿಲ್ಲ.

ಹಾಗಾದರೆ ಮಳೆಗಾಗಿಯೂ ಆರೋಗ್ಯಕ್ಕಾಗಿಯೂ ನಾವು ಬೇಡಿಕೊಳ್ಳಬಾರದೋ? ಅವಶ್ಯವಾಗಿ ಬೇಡಿಕೊಳ್ಳಬೇಕು. ಯೆರೆಮೀಯನು ಆಮೆನ್ ಅಂದನಲ್ಲಾ. ನಮ್ಮ ಕರ್ತನು ಸಹ ಗೆತ್ಸೇಮನೆ ತೋಟದಲ್ಲಿ, ಸಾಧ್ಯವಾದರೆ ಆ ಪಾತ್ರೆಯು ತನ್ನನ್ನು ಬಿಟ್ಟುಹೋಗಲಿ ಎಂದು ಬೇಡಿದನು. ಅದು ಬಿಟ್ಟುಹೋಗಲಿಲ್ಲ. ಶಿಲುಬೆಯ ಮೇಲೆ ಆತನ ಬಾಯಿಂದ ಹೊರಟದ್ದು 22ನೆಯ ಕೀರ್ತನೆಯ ಮೊರೆ. ದೇವಕುಮಾರನೇ ಸಂಕಟದಲ್ಲಿ ಶಾಸ್ತ್ರದ ಅಳುವಿನ ಮಾತುಗಳಿಂದ ತಂದೆಯನ್ನು ಕರೆದಿರಲಾಗಿ, ಅಳುವವನು ನಂಬಿಕೆಯಿಲ್ಲದವನೆಂದು ನಾವು ಯಾರ ವಿಷಯದಲ್ಲಿಯೂ ಹೇಳಬಾರದು. ಆತನ ಬಿಡುಗಡೆಯು ಪಾತ್ರೆಯನ್ನು ತಪ್ಪಿಸಿಕೊಳ್ಳುವದರಿಂದಲ್ಲ, ಅದನ್ನು ಕುಡಿದು ಮೂರನೆಯ ದಿನದಲ್ಲಿ ಎದ್ದದ್ದರಿಂದ ಬಂದಿತು. ನಮ್ಮ ನಿರೀಕ್ಷೆಯ ಬೇರು ಅಲ್ಲಿಯೇ ಇದೆ.

ಆದದರಿಂದ, ಪ್ರಿಯರೇ, ಮೂರು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ಸಂಕಟದಲ್ಲಿ ಒಂದೇ ವಚನವನ್ನು ಕಿತ್ತುಕೊಳ್ಳದೆ, ಅದರ ಹಿಂದು ಮುಂದನ್ನೂ ಓದೋಣ. ಅಕ್ಷರ ಬಾರದವರಿಗೆ ಬಲ್ಲವರು ಸಂಜೆಯ ದೀಪದ ಬಳಿಯಲ್ಲಿ ಓದಿ ಹೇಳಲಿ. ದುಃಖದ ಮನೆಗೆ ಹೋದಾಗ ದೇವರು ಕೊಡದ ಮಾತನ್ನು ಆತನ ಹೆಸರಿನಲ್ಲಿ ಕೊಡದೆ ಇರೋಣ. ಮಾತು ತೋಚದಿದ್ದರೆ ಸುಮ್ಮನೆ ಕೂತಿರೋಣ, ಒಂದು ಸೇರು ಜೋಳವನ್ನಾದರೂ ಒಯ್ಯೋಣ. ಮತ್ತು ದಿನದ ಕೆಲಸವನ್ನು ಬಿಡದೆ ಇರೋಣ. ಬಿತ್ತುವದು, ಕಟ್ಟುವದು, ಮಕ್ಕಳನ್ನು ಶಾಲೆಗೆ ಕಳುಹಿಸುವದು, ನಮ್ಮನ್ನು ದೂರಮಾಡಿದ ನೆರೆಯವನಿಗಾಗಿ ಪ್ರಾರ್ಥಿಸುವದು, ಇವೇ ನಮ್ಮ ಅನಾತೋತಿನ ಹೊಲ.

ಆ ಮುದುಕಿಯ ಮನೆಗೆ ನಾವು ಮತ್ತೊಮ್ಮೆ ಹೋದೆವು. ಆ ಮಾತು ದೇವರದಲ್ಲ, ನಮ್ಮದೇ ಎಂದು ಒಪ್ಪಿಕೊಂಡೆವು. ಸೆರೆಯವರಿಗೆ ಬರೆದ ಪತ್ರಿಕೆಯನ್ನು ಮೊದಲಿನಿಂದ ಕಡೇ ವರೆಗೆ ಓದಿದೆವು. ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ದೇವರು ನಮ್ಮನ್ನು ಮರೆತಿಲ್ಲ, ಕೂತುಕೊಳ್ಳಿರಿ, ಪ್ರಾರ್ಥನೆ ಮಾಡೋಣ” ಅಂದಳು. ಅಂದು ಸಹ ಆಕಾಶದಲ್ಲಿ ಮೋಡವಿರಲಿಲ್ಲ. ಆದರೂ ಆಕೆಯ ಮಗನು ಮರುದಿನ ನೆರೆಯವನ ಎತ್ತನ್ನು ಕೇಳಿ ತಂದು ಹೊಲವನ್ನು ಹಸನು ಮಾಡತೊಡಗಿದನೆಂದು ಆಮೇಲೆ ಕೇಳಿದೆವು.

ಶಾಂತಿಯ ದೇವರು ನಮ್ಮ ಹಳ್ಳಿಗಳಲ್ಲಿ ಚದರಿರುವ ಚಿಕ್ಕ ಸಭೆಗಳಿಗೆ ಇಂಥ ತಾಳ್ಮೆಯನ್ನೂ ಇಂಥ ಆದರಣೆಯನ್ನೂ ಅನುಗ್ರಹಿಸಲಿ. ಆಮೆನ್.