ಉಡುಗೊರೆಯೂ ಉಪಕಾರಸ್ಮರಣೆಯೂ

ಗೃಹಸ್ಥನಾದವನಿಗೆ ಕೊಡುವ ಪ್ರಸಂಗಗಳಷ್ಟೇ ಕೊಳ್ಳುವ ಪ್ರಸಂಗಗಳೂ ಒದಗುತ್ತವೆ. ಕೊಡುವುದನ್ನು ಕುರಿತು ಮಠಗಳಲ್ಲಿ ಉಪದೇಶ ನಡೆಯುತ್ತಲೇ ಇದೆ. ದಾಸೋಹವೆಂಬ ಶಬ್ದವನ್ನು ಕೇಳದ ಭಕ್ತನ ಮನೆಯಿಲ್ಲ. ಕೊಳ್ಳುವುದನ್ನು ಕುರಿತು ಮಾತ್ರ ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಕೈ ನೀಡಿದರೆ ಮುಗಿಯಿತು, ಅದಕ್ಕೊಂದು ವಿದ್ಯೆ ಬೇಕೆ ಎಂಬ ಭಾವನೆ. ಬಂಧುಗಳ ಮನಸ್ಸು ಎಷ್ಟೋ ವೇಳೆ ಮುರಿಯುವುದು ಇಲ್ಲಿಯೇ.

ಒಂದು ಮನೆಯಲ್ಲಿ ಚೊಚ್ಚಲ ಮೊಮ್ಮಗನ ಮೊದಲ ಹುಟ್ಟುಹಬ್ಬ ನಡೆಯಿತು. ಸೋದರಮಾವ ಬೆಳ್ಳಿಯ ಉಡಿದಾರ ತಂದನು. ಪಟ್ಟಣದಿಂದ ಬಂದ ಚಿಕ್ಕಪ್ಪ ತಾನಾಗಿ ಓಡುವ ಆಟದ ಮೋಟಾರನ್ನು ತಂದನು. ಮಗುವಿನ ಸೋದರತ್ತೆ, ಆ ಮನೆಯ ಹಿರಿಯ ಮಗಳು, ಗಂಡನನ್ನು ಕಳೆದುಕೊಂಡು ಹಳ್ಳಿಯಲ್ಲಿ ಹೊಲಿಗೆಯಿಂದ ಜೀವಿಸುವವಳು, ಒಂದು ಕೌದಿಯನ್ನು ಹೊಲಿದು ತಂದಿದ್ದಳು. ನೆರೆದವರಲ್ಲಿ ಯಾರೋ ‘ಹಳೆಯ ಬಟ್ಟೆಯದೇ?’ ಎಂದರು. ಸೊಸೆ ಅವಸರದಲ್ಲಿ ಅದನ್ನೆತ್ತಿ ಮಂಚದ ಕೆಳಗೆ ಸರಿಸಿದಳು. ಬಂದ ಉಡುಗೊರೆಗಳನ್ನು ಬರೆದುಕೊಳ್ಳುತ್ತಿದ್ದ ಹುಡುಗನು ಉಡಿದಾರದ ತೂಕ, ನಗದಿನ ಮೊತ್ತ, ಕೊಟ್ಟವರ ಹೆಸರು ಎಲ್ಲವನ್ನೂ ಬರೆದು, ಕೊನೆಯಲ್ಲಿ ‘ಕೌದಿ 1’ ಎಂದಷ್ಟೇ ಬರೆದನು. ಆಕೆ ಪ್ರಸಾದ ಮುಗಿಸಿ, ಸಂಜೆಯ ಆರತಿಗೂ ನಿಲ್ಲದೆ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ತಲೆನೋವೆಂದು ಹೇಳಿದಳಂತೆ. ಎಲ್ಲರೂ ನಂಬಿದರು.

ಇಲ್ಲಿ ಯಾರೂ ಕೆಟ್ಟವರಲ್ಲ ಎಂಬುದನ್ನು ಗಮನಿಸಬೇಕು. ಬರೆದಿಡುವ ಪದ್ಧತಿಯೂ ಕೆಟ್ಟದ್ದಲ್ಲ. ಮದುವೆಯ ಭಾರ ಒಂದೇ ಮನೆಯ ಮೇಲೆ ಬೀಳದಂತೆ ಬಂಧುಗಳೆಲ್ಲ ಹಂಚಿಕೊಂಡು, ಅವರವರ ಸರದಿ ಬಂದಾಗ ಹಿಂದಿರುಗಿಸುವ ಕ್ರಮಕ್ಕೆ ಮುಯ್ಯಿ ಎಂದು ಹೆಸರು. ಬಡವರ ಪಾಲಿಗೆ ಅದೊಂದು ದೊಡ್ಡ ಆಸರೆ. ಆದರೆ ಕನ್ನಡದಲ್ಲಿ ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿ ಎಂಬ ಶಬ್ದವೇ ಉಂಟು. ಲೆಕ್ಕವೊಂದೇ ಉಳಿದು ಪ್ರೀತಿ ಹೋದರೆ ಎರಡೂ ಅರ್ಥಗಳು ಒಂದಾಗಿಬಿಡುತ್ತವೆ. ‘ಅವರು ನಮಗೆ ಮಾಡಿದ್ದು ಇಷ್ಟೇ, ನಾವೂ ಇಷ್ಟೇ ಮಾಡೋಣ’ ಎಂಬ ಮಾತಿನಲ್ಲಿ ಯಾವ ಮುಯ್ಯಿಯಿದೆಯೆಂಬುದನ್ನು ಹೇಳುವುದು ಕಷ್ಟ. ಸೊಸೆಯ ತವರಿನಿಂದ ಬಂದುದನ್ನು ಅವಳ ಎದುರಿನಲ್ಲಿಯೇ ತೂಗಿ ನೋಡುವ ಮನೆಗಳ ವಿಷಯವನ್ನಂತೂ ಬಿಡಿಸಿ ಹೇಳಬೇಕಾಗಿಲ್ಲ. ಆ ಮಾತು ಹೆಣ್ಣುಮಗಳ ಎದೆಯಲ್ಲಿ ಮೂವತ್ತು ವರ್ಷ ಉಳಿಯುತ್ತದೆ.

ಕೆಲವರು ಶಾಸ್ತ್ರದ ಮಾತನ್ನೇ ಅಡ್ಡ ಹಿಡಿಯುವುದುಂಟು. ‘ಎಲ್ಲವೂ ಶಿವನದು, ಬಂದುದೆಲ್ಲ ಪ್ರಸಾದ, ನಡುವೆ ಮನುಷ್ಯನಿಗೇಕೆ ಉಪಕಾರ ಹೇಳಬೇಕು?’ ಕೇಳಲು ಇದು ದೊಡ್ಡ ಮಾತು. ವಿಚಾರಿಸಿದರೆ, ಶರಣರು ಕೊಡುವವನಿಗೆ ವಿಧಿಸಿದ ನಿಯಮವನ್ನು ಕೊಳ್ಳುವವನು ಕದ್ದು ತನ್ನದಾಗಿಸಿಕೊಂಡ ಮಾತಿದು. ನಾನು ಕೊಟ್ಟೆನೆಂಬ ಅಹಂಕಾರ ಅಳಿಯಲೆಂದೇ ಅವರು ದಾನವೆನ್ನದೆ ದಾಸೋಹವೆಂದರು. ಮರೆಯಬೇಕಾದವನು ಕೊಟ್ಟವನು. ಕೊಂಡವನೂ ಮರೆತರೆ ಅದು ಮರೆವೇ ಹೊರತು ವೈರಾಗ್ಯವಲ್ಲ. ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿದರೆ ಅದು ಪ್ರಸಾದವಾಗುವುದೆಂಬುದು ದಿಟ. ಅಷ್ಟಾವರಣದಲ್ಲಿ ಲಿಂಗದೊಡನೆ ಜಂಗಮವೂ ಉಂಟೆಂಬುದನ್ನು ಮರೆತು ಅರ್ಪಿಸಿದವನಿಗೆ ಆ ಪ್ರಸಾದದ ರುಚಿ ಎಲ್ಲಿಂದ ಬಂದೀತು? 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಹೊನ್ನಿನ ಲೆಕ್ಕ ದಿನವೂ ಅವರ ಕೈಯಲ್ಲಿತ್ತು. ಅಂಥವರು ಭಕ್ತರೆಲ್ಲರಿಗಿಂತ ತಾವು ಕಿರಿಯರೆಂದುಕೊಂಡರು. ‘ಶರಣು ಶರಣಾರ್ಥಿ’ ಎಂಬ ನಮ್ಮ ನಿತ್ಯದ ನುಡಿಯ ಹಿಂದೆ ಈ ಕಿಂಕರಭಾವವಿದೆ.

ಕೊಳ್ಳುವುದರಲ್ಲಿ ಮಿತಿಯೂ ಬೇಕು. ಆಯ್ದಕ್ಕಿ ಮಾರಯ್ಯನವರ ಪ್ರಸಂಗ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ನಮಗೇಕೆಂದು ಪತ್ನಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು. ಹುಟ್ಟುಹಬ್ಬದ ದಿನ ಆಟಿಕೆಗಳ ರಾಶಿಯ ನಡುವೆ ಕುಳಿತು ‘ಇನ್ನೇನು ಬಂತು?’ ಎಂದು ಕೇಳುವ ಮಗುವನ್ನು ನೋಡಿ ನಗುವ ತಂದೆತಾಯಿಗಳು ಆ ತಾಯಿಯನ್ನು ಒಮ್ಮೆ ನೆನೆಯಬೇಕು. ರಾಶಿ ದೊಡ್ಡದಾದಷ್ಟೂ ಯಾವುದನ್ನು ಯಾರು ಕೊಟ್ಟರೆಂಬುದು ಮಗುವಿಗೆ ತಿಳಿಯದು.

ಹಾಗಾದರೆ ಉಪಕಾರವನ್ನು ಹೇಳುವುದೆಂತು? ಧನ್ಯವಾದವೆಂಬ ಶಬ್ದವನ್ನು ಮನೆಯವರಿಗೆ ಹೇಳಲು ನಮ್ಮ ಜನಕ್ಕೆ ಸಂಕೋಚ. ತಾಯಿಗೆ ಧನ್ಯವಾದ ಹೇಳಿದ ಮಗನನ್ನು ಹಿಂದಿನವರು ವಿಚಿತ್ರವಾಗಿ ನೋಡುತ್ತಿದ್ದರು. ಸಂಕೋಚವಿರಲಿ, ಮೌನ ಬೇಡ. ಹಿರಿಯರು ಕೊಟ್ಟರೆ ಮಗುವಿನಿಂದ ಪಾದಕ್ಕೆ ನಮಸ್ಕಾರ ಮಾಡಿಸುವುದು, ಕೊಟ್ಟ ವಸ್ತುವನ್ನು ಎರಡೂ ಕೈಗಳಲ್ಲಿ ಕೊಂಡು ಅವರೆದುರಿಗೆ ಬಿಚ್ಚಿ ನೋಡಿ ಒಂದು ಒಳ್ಳೆಯ ಮಾತಾಡುವುದು, ಇಷ್ಟಕ್ಕೆ ಹೊತ್ತು ಹಿಡಿಯದು. ಬೆಲೆಯನ್ನು ಕೇಳಬಾರದು, ಒಬ್ಬರದರ ಪಕ್ಕದಲ್ಲಿ ಇನ್ನೊಬ್ಬರದನ್ನಿಟ್ಟು ಹೊಗಳಬಾರದು. ದೂರದಲ್ಲಿರುವವರು ಕಳುಹಿಸಿದರೆ ತಲುಪಿತೆಂದು ಕೂಡಲೇ ತಿಳಿಸಬೇಕು. ಹಣ ಕಳುಹಿಸಿದ್ದರೆ ಅದರಿಂದ ಏನನ್ನು ಕೊಂಡೆವೆಂಬುದನ್ನು ಬರೆಯಬೇಕು. ಈಗ ಕೈಫೋನಿನಲ್ಲಿ ಕೈಮುಗಿದ ಚಿತ್ರವೊಂದನ್ನು ನೂರು ಜನಕ್ಕೆ ಒಂದೇ ಸಲ ಕಳುಹಿಸುವುದು ಬಂದಿದೆ. ಏನೂ ಇಲ್ಲದುದಕ್ಕಿಂತ ಅದು ಮೇಲು. ಆದರೂ ‘ಅತ್ತೇ, ನೀವು ಹೊಲಿದ ಅಂಗಿ ಹುಡುಗನಿಗೆ ಸರಿಯಾಗಿ ಕೂತಿದೆ’ ಎಂಬ ಒಂದು ಮಾತು ಆ ಒಬ್ಬರಿಗಾಗಿಯೇ ಹುಟ್ಟಿದ್ದು.

ಕೈಯಿಂದ ಮಾಡಿ ತಂದುದಕ್ಕೆ ಒಂದು ಹಿಡಿ ಹೆಚ್ಚು ಆದರ ಸಲ್ಲಬೇಕು. ಬೆಳ್ಳಿಯನ್ನು ಕೊಳ್ಳಲು ಹಣ ಸಾಕು. ಕೌದಿಗೆ ಎಷ್ಟು ರಾತ್ರಿಗಳ ಬೆಳಕು ಬೇಕು! ಕಾಯಕವನ್ನು ಕೈಲಾಸವೆಂದು ನಂಬಿದ ಸಮಾಜ ಕೈಗೆಲಸದ ಉಡುಗೊರೆಯನ್ನು ಮಂಚದ ಕೆಳಗೆ ಸರಿಸಿದರೆ ಆ ನಂಬಿಕೆ ಬರಿಯ ಮಾತಾಯಿತು.

ಹುಟ್ಟುಹಬ್ಬದ ಮೂರನೆಯ ದಿನ ಆ ಮನೆಯ ಅಜ್ಜನು ಮಗುವನ್ನು ಮಲಗಿಸಲು ಹಾಸಿಗೆಯನ್ನು ಹುಡುಕುತ್ತ ಕೌದಿಯನ್ನು ಎಳೆದು ಬಿಚ್ಚಿದನು. ನಡುವೆ ಇಳಕಲ್ಲ ಸೀರೆಯ ಕೆಂಪು ಸೆರಗಿನ ತುಂಡೊಂದಿತ್ತು. ಅದು ಶಿವೈಕ್ಯಳಾದ ಅವನ ಪತ್ನಿಯದು. ಸುತ್ತಲಿನ ತುಂಡುಗಳೂ ಒಂದೊಂದಾಗಿ ಗುರುತು ಹತ್ತಿದವು. ಮೊಮ್ಮಗನನ್ನು ಕಾಣದೆ ಹೋದ ಅಜ್ಜಿಯ ಸೀರೆಗಳನ್ನೆಲ್ಲ ಮಗಳು ಕಾಯ್ದಿಟ್ಟು, ಅಜ್ಜಿಯ ಮಡಿಲು ಮಗುವಿಗೆ ದೊರೆಯಲೆಂದು ಹೊಲಿದಿದ್ದಳು. ಮುದುಕನು ಬಹಳ ಹೊತ್ತು ಅದರ ಮೇಲೆ ಕೈಯಾಡಿಸುತ್ತ ಕುಳಿತನು. ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಸೊಸೆಯನ್ನು ಕರೆದುಕೊಂಡು, ಮಗುವನ್ನು ಅದೇ ಕೌದಿಯಲ್ಲಿ ಸುತ್ತಿ ಹಳ್ಳಿಯ ಬಸ್ಸು ಹತ್ತಿದನು. ಮಗಳು ಬಾಗಿಲಿಗೆ ಬಂದಳು. ಸೊಸೆ ಬಾಗಿ ಅವಳ ಪಾದವನ್ನು ಮುಟ್ಟಿದಳು; ಮಾತು ಹೊರಡಲಿಲ್ಲ. ಮುದುಕನು ಮಗುವನ್ನು ಮಗಳ ಕೈಯಲ್ಲಿಟ್ಟು, ‘ಯವ್ವಾ, ನಿಮ್ಮವ್ವನ ಸೀರೆಯ ಗುರುತು ಹಿಡಿಯಲು ನನಗೆ ಮೂರು ದಿನ ಬೇಕಾಯಿತು’ ಎಂದನು.