ಓದಲು ಬರುವಂತೆ ಬರೆಯೋಣ

ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಕಿತ್ತಯ್ಯನೆಂಬ ವೀರ ಹೋರಾಡಿ ಮಡಿದದ್ದನ್ನು ಹೇಳುವ ಕಲ್ಲು. ಕಾಲ ಸುಮಾರು ಕ್ರಿ.ಶ. 750. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಬಲು ಹಳೆಯದು. ಹಳೆಯ ಲಿಪಿ ಬಲ್ಲವರು ಅದನ್ನು ಇಂದಿಗೂ ಓದುತ್ತಾರೆ.

ಅದೇ ಹೆಬ್ಬಾಳದ ಮೇಲ್ಸೇತುವೆ ದಾಟಿ ಕೆಲಸಕ್ಕೆ ಹೋಗುವ ನನಗೆ ಕಳೆದ ವಾರ ಮೊನ್ನೆ ಮೊನ್ನೆಯ ಬರಹವೊಂದನ್ನು ಓದಲಾಗಲಿಲ್ಲ. ನಮ್ಮ ವೆಬ್‌ಪುಟದ ಶೀರ್ಷಿಕೆಯಲ್ಲಿ ಕಾಗುಣಿತ ತಪ್ಪಿತ್ತು. ತಿದ್ದೋಣವೆಂದು ಸೋರ್ಸ್ ಕೋಡ್ ತೆರೆದರೆ ಇಡೀ ಪುಟ ಒಂದೇ ಸಾಲು. ಡಿವ್‌ನೊಳಗೆ ಡಿವ್, ಅದರೊಳಗೆ ಮತ್ತೊಂದು ಡಿವ್. ‘ಕನ್ನಡ’ ಎಂದು ಹುಡುಕಿದರೆ ಇಲ್ಲ. ಆ ಪದದ ಜಾಗದಲ್ಲಿ ಕನ್ನಡ ಎಂದಿತ್ತು. ನಾವೇ ಬರೆದ ಪ್ರೋಗ್ರಾಂ ಹುಟ್ಟಿಸಿದ ಎಚ್‌ಟಿಎಂಎಲ್ ಅದು. 3221 ಎಂದರೆ ‘ಕ’ ಎಂಬುದು ಬ್ರೌಸರ್‌ಗೆ ಗೊತ್ತು, ತೆರೆಯ ಮೇಲೆ ಸರಿಯಾಗಿಯೇ ತೋರಿಸುತ್ತದೆ. ಕನ್ನಡದಲ್ಲೇ ಅಕ್ಷರ ಕಲಿತ ನನಗೆ ಮಾತ್ರ ಒಂದು ಪದ ತಿದ್ದಲು ಅರ್ಧ ದಿನ ಹಿಡಿಯಿತು.

ಯಂತ್ರ ಬರೆದು ಯಂತ್ರವೇ ಓದುವುದಕ್ಕೆ ಅಚ್ಚುಕಟ್ಟು ಯಾಕೆ ಎನ್ನುವವರಿದ್ದಾರೆ. ಪುಟ ಕೆಟ್ಟ ದಿನ ಅದನ್ನು ತೆರೆದು ನೋಡುವುದು ಮನುಷ್ಯನೇ. ವೆಬ್‌ನ ಮೊದಮೊದಲ ದಿನಗಳಲ್ಲಿ ಎಷ್ಟೋ ಜನ ಎಚ್‌ಟಿಎಂಎಲ್ ಕಲಿತದ್ದು ಇನ್ನೊಬ್ಬರ ಸೋರ್ಸ್ ನೋಡಿಯೇ.

ಮಾರನೆಯ ದಿನ ಟೆಂಪ್ಲೇಟ್ ತಿದ್ದಲು ಕೂತೆವು. ಒಂದೊಂದು ಭಾಗಕ್ಕೂ ಹೊಸ ಸಾಲು, ಒಳಗಿನ ಟ್ಯಾಗ್ ಎರಡು ಸ್ಪೇಸ್ ಒಳಕ್ಕೆ. ಎಲ್ಲದಕ್ಕೂ ಡಿವ್ ಹಾಕುವುದು ಬಿಟ್ಟು ಪುಟದ ತಲೆಗೆ ಹೆಡರ್, ಕೊಂಡಿಗಳಿಗೆ ನ್ಯಾವ್, ಬರಹಕ್ಕೆ ಆರ್ಟಿಕಲ್. ಯುಟಿಎಫ್-8 ಎಂದು ಮೊದಲಲ್ಲೇ ಸೂಚಿಸಿ, ಕನ್ನಡವನ್ನು ಕನ್ನಡ ಅಕ್ಷರಗಳಲ್ಲೇ ಉಳಿಸಿದೆವು. ಅಂಕಿಯ ರೂಪದಲ್ಲಿ ‘ಕ’ ಏಳು ಬೈಟ್ ತಿನ್ನುತ್ತಿತ್ತು, ಈಗ ಮೂರೇ ಸಾಕು. ಹೊಸದಾಗಿ ಸೇರಿದ ಖಾಲಿ ಜಾಗವನ್ನು ಸರ್ವರ್‌ನಲ್ಲಿ ಜಿಜಿಪ್ ಕುಗ್ಗಿಸಿ ಕಳಿಸುತ್ತದೆ. ಮೊಬೈಲಿನಲ್ಲಿ ಓದುವವರಿಗೆ ಅದು ಹೊರೆಯಾಗುವುದಿಲ್ಲ.

ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಯಲಹಂಕದಿಂದ ಬರುತ್ತಾಳೆ. ಪುಟದಲ್ಲಿ ಮತ್ತೊಂದು ತಪ್ಪು ಕಂಡಿತೆಂದು ನಿನ್ನೆ ಅವಳೇ ಸೋರ್ಸ್ ತೆರೆದಳು. ತಪ್ಪಿದ್ದ ಪದವನ್ನು ಕನ್ನಡದಲ್ಲೇ ಟೈಪಿಸಿ ಹುಡುಕಿದಳು. “ಸಿಕ್ತು ಸರ್, ನಲವತ್ತನೇ ಸಾಲು” ಎಂದಳು. ಅದನ್ನು ಹುಟ್ಟಿಸುವ ಟೆಂಪ್ಲೇಟ್ ತೆರೆದು, ನಾನು ಎದ್ದು ಅವಳ ಮೇಜಿನ ಹತ್ತಿರ ಹೋಗುವಷ್ಟರಲ್ಲಿ ತಿದ್ದಿ ಮುಗಿಸಿದ್ದಳು.