ಇದ್ದಲ್ಲೇ ಇರಬೇಕಾದ ನಿಧಿ

ನಿಧಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹಾರೆ, ಗುದ್ದಲಿ ಮತ್ತು ಅಮಾವಾಸ್ಯೆಯ ಕತ್ತಲು. ನಿಧಿಗೆ ಸರ್ಪದ ಕಾವಲಿರುತ್ತದೆ, ಅದು ಬಲಿ ಕೇಳುತ್ತದೆ ಎಂಬ ಅಜ್ಜಿ ಕಥೆಗಳನ್ನು ಕೇಳಿಯೇ ನಾವೆಲ್ಲ ಬೆಳೆದವರು. ಕಥೆ ಕಥೆಯಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನಕ್ಕೆ ರಾತ್ರಿ ನುಗ್ಗಿದವರು ನಿಧಿಯಾಸೆಯಿಂದ ವ್ಯಾಸರಾಜರ ವೃಂದಾವನವನ್ನೇ ಕಿತ್ತು ಕೆಡವಿದರು. ಭಕ್ತರು ಸೇರಿ ಅದನ್ನು ಮತ್ತೆ ಕಟ್ಟಿದರು. ನಿಧಿಯ ಬಗ್ಗೆ ನಮ್ಮಲ್ಲಿರುವ ಕಲ್ಪನೆ ಇಷ್ಟೇ: ಮೊದಲು ಬಂದವನಿಗೆ ಎಲ್ಲವೂ, ಹಿಂದೆ ಬಂದವರಿಗೆ ಬರೀ ಗುಂಡಿ.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ನಿಧಿ ಶೋಧವಿದೆ. ಅದರ ಹೆಸರು ಲೆಟರ್‌ಬಾಕ್ಸಿಂಗ್. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಗುಡ್ಡಗಾಡಿನಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯೊಬ್ಬ ಕ್ರಾನ್‌ಮಿಯರ್ ಎಂಬ ದುರ್ಗಮ ಜಾಗದಲ್ಲಿ ಒಂದು ಬಾಟಲಿ ಇಟ್ಟ. ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಮುಂದೆ ವಿಳಾಸ ಬರೆದ ಕಾಗದಗಳನ್ನೂ ಬಿಡತೊಡಗಿದರು. ನಂತರ ಬಂದ ಅಪರಿಚಿತ ಅದನ್ನು ಎತ್ತಿಕೊಂಡು ಹೋಗಿ ತನ್ನೂರಿನ ಅಂಚೆಗೆ ಹಾಕಬೇಕು. ಆಟಕ್ಕೆ ಆ ಹೆಸರು ಬಂದದ್ದು ಹಾಗೆ. ಇಂದು ಪೆಟ್ಟಿಗೆಯಲ್ಲಿ ಒಂದು ರಬ್ಬರ್ ಮುದ್ರೆ, ಒಂದು ಪುಸ್ತಕ ಇರುತ್ತವೆ. ಸುಳಿವು ಹಿಡಿದು ಬಂದವನು ಪೆಟ್ಟಿಗೆಯ ಮುದ್ರೆಯನ್ನು ತನ್ನ ಪುಸ್ತಕದಲ್ಲಿ, ತನ್ನ ಮುದ್ರೆಯನ್ನು ಪೆಟ್ಟಿಗೆಯ ಪುಸ್ತಕದಲ್ಲಿ ಒತ್ತಿ, ಎಲ್ಲವನ್ನೂ ಇದ್ದಲ್ಲೇ ಇಟ್ಟು ಮರಳುತ್ತಾನೆ. ಸಿಕ್ಕಿತು, ಆದರೆ ಯಾರಿಗೂ ಏನೂ ಕಡಿಮೆಯಾಗಲಿಲ್ಲ.

ಬೆಂಗಳೂರಿನ ಪಶ್ಚಿಮದಲ್ಲಿ ಇಂತಹ ಆಟಕ್ಕೆ ಒಪ್ಪುವ ಜಾಗವನ್ನು ಹುಡುಕಬೇಕಾಗಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸಾವಿರ ಎಕರೆಗೂ ಮಿಗಿಲಾದುದು. ಅಲ್ಲಿನ ಬಯೋ ಪಾರ್ಕ್‌ನ ದಾರಿಗಳಲ್ಲಿ ನಾಗರಬಾವಿ, ಕೆಂಗೇರಿ ಕಡೆಯವರು ಬೆಳಿಗ್ಗೆ ನಡೆಯಲು ಬರುತ್ತಾರೆ. ಏದುಸಿರು ಬಿಡಬೇಕಾದ ಏರು ದಾರಿಯಲ್ಲ, ಮಕ್ಕಳೂ ಮುದುಕರೂ ನಡೆಯಬಹುದು. 'ಹೊಂಗೆ ಮರದಿಂದ ಪೂರ್ವಕ್ಕೆ ನಲವತ್ತು ಹೆಜ್ಜೆ, ಹುತ್ತವನ್ನು ಬಲಕ್ಕೆ ಬಿಡು' ಎಂಬ ಸುಳಿವು ಕೊಟ್ಟರೆ, ನಮ್ಮಲ್ಲಿ ಎಷ್ಟು ಮಂದಿಗೆ ಹೊಂಗೆ ಯಾವುದು, ಬೇವು ಯಾವುದು ಎಂದು ತಿಳಿದೀತು? ದಿನವೂ ತುಳಿಯುವ ದಾರಿಯನ್ನು ಮೊದಲ ಬಾರಿ ಕಣ್ಣು ಬಿಟ್ಟು ನೋಡಬೇಕಾದೀತು.

ಆದರೆ ನಾವಿಲ್ಲಿ ಕೇಳಬೇಕಾದ ಪ್ರಶ್ನೆ ಮರಗಳದ್ದಲ್ಲ, ಮನುಷ್ಯರದ್ದು. ನಮ್ಮ ಕಚೇರಿಗಳ ಕನ್ನಡದಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ಸದ್ಯಕ್ಕೆ ದೂರವಿಡುವುದು. ಅರಬಿ ಮೂಲದ ಆ ಪದದ ಹಳೆಯ ಅರ್ಥ ಬೇರೆ: ಒಬ್ಬರು ನಂಬಿ ಇನ್ನೊಬ್ಬರಲ್ಲಿ ಇಟ್ಟ ವಸ್ತು. ಅದನ್ನು ಕಾಪಾಡುವ ಹೊಣೆ ನಮ್ಮದು, ಉಪಯೋಗಿಸಿಕೊಳ್ಳುವ ಹಕ್ಕು ನಮ್ಮದಲ್ಲ. ಸಾಮಾನ್ಯವಾಗಿ ಇಟ್ಟವನಿಗೆ ಇಟ್ಟುಕೊಂಡವನು ಯಾರೆಂದು ಗೊತ್ತಿರುತ್ತದೆ. ನಾಳೆ ಬಂದು ಕೇಳುತ್ತಾನೆ. ಕಾಡುದಾರಿಯ ಪೆಟ್ಟಿಗೆಯನ್ನು ಇಟ್ಟವನು ನಮ್ಮನ್ನು ಕಂಡಿಲ್ಲ, ಕೇಳಲು ಬರುವುದೂ ಇಲ್ಲ. ಕೇಳುವವರಿಲ್ಲದ ಜಾಗದಲ್ಲಿ ಪ್ರಾಮಾಣಿಕತೆ ಎಷ್ಟು ಉಳಿಯುತ್ತದೆ? ಸಾಕ್ಷಿಗಳ ಎದುರಿನ ಸಜ್ಜನಿಕೆಗಿಂತ ಇದು ಹೆಚ್ಚಿನ ಪರೀಕ್ಷೆ.

ನಮಗೆ ಈ ಭಾವ ಹೊಸದಲ್ಲ. ದಾರಿಹೋಕರಿಗಾಗಿ ಅರವಟಿಗೆ ಇಟ್ಟ, ಸಾಲುಮರ ನೆಟ್ಟ ನಾಡು ಇದು. ಇಂದಿಗೂ ಬೇಸಿಗೆ ಬಂದರೆ ರಸ್ತೆ ಬದಿಯಲ್ಲಿ ಯಾರೋ ಪುಣ್ಯಾತ್ಮರು ಮಣ್ಣಿನ ಮಡಕೆಯಲ್ಲಿ ನೀರಿಡುತ್ತಾರೆ. ಕುಡಿದವನು ಲೋಟವನ್ನು ಮಡಕೆಯ ಮೇಲೆ ಮಗುಚಿಟ್ಟು ಹೋಗುತ್ತಾನೆ. ಆದರೆ ಎಷ್ಟೋ ಕಡೆ ಲೋಟಕ್ಕೆ ಸರಪಳಿ ಕಟ್ಟಿರುತ್ತಾರೆ. ಕಟ್ಟಿದವರನ್ನು ನಾವು ದೂರುವಂತಿಲ್ಲ. ಲೋಟ ಕಳೆದುಕೊಂಡು ಪಾಠ ಕಲಿತವರು ಅವರು. ಆದರೂ ಆ ಸರಪಳಿ ನಮ್ಮೆಲ್ಲರ ಬಗ್ಗೆ ಏನನ್ನೋ ಹೇಳುತ್ತಿದೆ.

ಅಪರಿಚಿತ ಪೆಟ್ಟಿಗೆ ಎಂದರೆ ಈ ನಗರಕ್ಕೆ ಕಳವಿಗಿಂತ ದೊಡ್ಡ ಭಯವೂ ಇದೆ. 2008ರ ಜುಲೈ 25ರಂದು ಬೆಂಗಳೂರಿನ ಹಲವೆಡೆ ಬಾಂಬುಗಳು ಸಿಡಿದಾಗ ಅದರಲ್ಲೊಂದು ಸಿಡಿದದ್ದು ಮೈಸೂರು ರಸ್ತೆಯ ನಾಯಂಡಹಳ್ಳಿಯಲ್ಲಿ. 2024ರ ಮಾರ್ಚ್ 1ರಂದು ಹೋಟೆಲೊಂದರಲ್ಲಿ ಸ್ಫೋಟಗೊಂಡದ್ದು ಯಾರೋ ಬಿಟ್ಟು ಹೋದ ಚೀಲದಲ್ಲಿದ್ದ ಬಾಂಬು. ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ 2011ರಲ್ಲಿ ಇಂತಹುದೇ ಆಟದ ಡಬ್ಬಿಯೊಂದನ್ನು ಬಾಂಬೆಂದು ಶಂಕಿಸಿ ಸೈನಿಕ ತಜ್ಞರನ್ನು ಕರೆಸಿ ಸಿಡಿಸಲಾಯಿತು. ಈ ಭಯವನ್ನು ನಗೆಯಾಡುವುದು ಸರಿಯಲ್ಲ. ಆದರೆ ಅನುಮಾನ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ ಎಂಬುದನ್ನೂ ಮರೆಯಬಾರದು. ಬಂಡೆಯ ಸಂದಿಗೆ ಕೈ ಹಾಕಿದವನು ಒಳ್ಳೆಯ ಷೂ ತೊಟ್ಟವನಾದರೆ ಅದು ಆಟ. ಗಡ್ಡ, ಟೋಪಿಯ ಯುವಕನೋ ಚಿಂದಿ ಆಯುವ ಹುಡುಗನೋ ಆದರೆ 'ಏನು ಹುಡುಕುತ್ತಿದ್ದೀಯಾ?' ಎಂಬ ಪ್ರಶ್ನೆ ಮಾಮೂಲಿನ ದನಿಯಲ್ಲಿ ಬರುವುದಿಲ್ಲ.

ಹಾಗಾದರೆ ನಂಬಿಕೆಯನ್ನು ಕೈಬಿಡುವುದೇ? ಅದು ಬೇಕಾಗಿಲ್ಲ. ನಂಬಿಕೆಯೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ಆಟದ ಗುಟ್ಟು ಬೇರೆ, ಮೋಸದ ಗುಟ್ಟು ಬೇರೆ. ಪೆಟ್ಟಿಗೆ ಎಲ್ಲಿದೆ ಎಂಬುದು ಆಡುವವರಿಗೆ ಗುಟ್ಟಾಗಿರಲಿ, ಆವರಣದ ಕಾವಲುಗಾರನಿಗೆ ಗುಟ್ಟಾಗಬಾರದು. ಜಾಗದ ಒಡೆಯರ ಒಪ್ಪಿಗೆ ಪಡೆಯಬೇಕು. ಒಳಗೇನಿದೆ, ಇಟ್ಟವರು ಯಾರು ಎಂದು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದಿರಬೇಕು. ಮಣ್ಣು ಅಗೆಯಬಾರದು, ಮರಕ್ಕೆ ಮೊಳೆ ಹೊಡೆಯಬಾರದು, ಹುತ್ತವನ್ನು ಕೆಣಕಬಾರದು. ಬಹಿರಂಗವಾಗಿ ನಿಯಮ ಒಪ್ಪಿಕೊಂಡ ನಂಬಿಕೆಯೇ ಬಾಳಿಕೆ ಬರುವ ನಂಬಿಕೆ.

ಒಂದು ಡಬ್ಬಿ, ಒಂದು ರಬ್ಬರ್ ಮುದ್ರೆಯಿಂದ ಸಮಾಜ ಬದಲಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ ಪುಸ್ತಕ ತೆರೆದ ಮಗುವಿಗೆ ತನಗಿಂತ ಮೊದಲು ಬಂದವರ ಗುರುತುಗಳು ಸಾಲಾಗಿ ಕಾಣುತ್ತವೆ. ಅವರ ಜಾತಿ, ಧರ್ಮ, ಬಡಾವಣೆ ಯಾವುದೂ ಅದಕ್ಕೆ ತಿಳಿಯದು. ಅವರೆಲ್ಲರೂ ಪೆಟ್ಟಿಗೆಯನ್ನು ತನಗಾಗಿ ಉಳಿಸಿ ಹೋದರು ಎಂಬುದೊಂದೇ ತಿಳಿಯುತ್ತದೆ. ಮುಚ್ಚಳ ಹಾಕಿ ಅದನ್ನು ಮೊದಲಿನ ಜಾಗದಲ್ಲೇ ಇಡುವಾಗ ಆ ಮಗು ಇನ್ನೂ ಹುಟ್ಟದವರಿಗೂ ಒಂದು ಮಾತು ಕೊಟ್ಟಂತೆ. ಸರಪಳಿಯಿಲ್ಲದ ಲೋಟಗಳು ಈ ಊರಿನಲ್ಲಿ ಎಷ್ಟಿರಬಲ್ಲವು ಎಂಬುದು ಅಂತಹ ಮಾತು ಉಳಿಸಿಕೊಳ್ಳುವವರ ಸಂಖ್ಯೆಯನ್ನು ಅವಲಂಬಿಸಿದೆ.